ಸಿಪಿಸಿ ತಲೆಗೆ ಹತ್ತುತ್ತಿಲ್ಲ, ಬಾಯಿಪಾಠವೇ ಗತಿನಾ?

ಪ್ರಶ್ನೆ: “ಮೇಡಂ, ನಾನು ಮೂರು ವರ್ಷದ ಎಲ್‌ಎಲ್‌.ಬಿ.ಯ ಮೊದಲ ವರ್ಷದಲ್ಲಿದ್ದೇನೆ. ಬಿ.ಎ.ವರೆಗೂ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಸಂಜೆ ನಮ್ಮ ತಾಲ್ಲೂಕಿನ ಒಬ್ಬ ವಕೀಲರ ಆಫೀಸಿಗೆ ಹೋಗ್ತೀನಿ. ನಮಗೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ, ಸಿವಿಲ್ ದಾವೆ ಹೇಗೆ ನಡೀಬೇಕು ಅಂತ ಹೇಳೋ ಕಾನೂನು) ಪಾಠಕ್ಕೆ ಬರೋದು ಇನ್ನೂ ಮುಂದೆ. ಆದ್ರೆ ಸೀನಿಯರ್ ‘ಈಗಲೇ ಶುರು ಮಾಡಮ್ಮ, ಅದು ಬರದಿದ್ರೆ ಸಿವಿಲ್ ಸೈಡ್ ಮರೆತುಬಿಡು’ ಅಂತಾರೆ. ಬೇರ್ ಆಕ್ಟ್ (ವ್ಯಾಖ್ಯಾನ ಇಲ್ಲದ ಮೂಲ ಕಾನೂನಿನ ಪುಸ್ತಕ) ತಗೊಂಡು ಸೆಕ್ಷನ್ ಒಂದರಿಂದ ಓದೋಕೆ ಕೂತೆ. ಮೂವತ್ತು ದಾಟೋ ಹೊತ್ತಿಗೆ ಹಿಂದಿನದು ಒಂದೂ ನೆನಪಿಲ್ಲ. ಕಾಲೇಜಿನ ಸೀನಿಯರ್‌ಗಳು 158 ಸೆಕ್ಷನ್ನೂ 51 ಆರ್ಡರೂ ಬಾಯಿಪಾಠ ಆಗಲೇಬೇಕು ಅಂತಾರೆ. ಇನ್ನು ಕೆಲವರು, ಕ್ರಿಮಿನಲ್ ಕಾನೂನು ಬದಲಾದ ಹಾಗೆ ಸಿಪಿಸಿನೂ ಬದಲಾಗಿದೆ, ಹಳೇದು ಓದಿ ಪ್ರಯೋಜನ ಇಲ್ಲ ಅಂತಾರೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಇನ್ನೊಂದು ವಿಷಯ. ನಮ್ಮಮ್ಮನ ತವರಿನ ಆಸ್ತಿಯಲ್ಲಿ ಭಾಗಕ್ಕೆ ದಾವೆ ಹಾಕಿ, ಅಮ್ಮನ ಪರವಾಗಿ ಡಿಕ್ರಿ (ಕೋರ್ಟಿನ ತೀರ್ಮಾನದ ಆದೇಶ) ಆಗಿ ವರ್ಷಗಳಾದವು. ಇವತ್ತಿಗೂ ಒಂದು ಗುಂಟೆ ಜಮೀನು ಕೈಗೆ ಬಂದಿಲ್ಲ. ಮಾವ ಅಪೀಲು ಹಾಕಿದ್ದಾರಂತೆ. ಗೆದ್ದ ಮೇಲೂ ಯಾಕೆ ಹೀಗೆ? ಸಿಪಿಸಿ ಓದಿದ್ರೆ ಇದೆಲ್ಲ ಅರ್ಥ ಆಗುತ್ತಾ? ಹೇಗೆ ಓದಲಿ?” — ಹೆಸರು ಬೇಡ ಎಂದಿರುವ ಓದುಗರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕ ಬೆರೆತಿವೆ. ಸಿಪಿಸಿ ನನ್ನ ಕೈಗೆ ಹತ್ತುವ ವಿಷಯ ಅಲ್ಲವೇನೋ ಎಂಬುದು ಒಂದು. ಕಾನೂನಿನಲ್ಲಿ ಗೆದ್ದರೂ ಕೈಗೆ ಏನೂ ಸಿಗದಿದ್ದರೆ ಈ ಓದಿಗೆ ಅರ್ಥ ಏನು ಎಂಬುದು ಇನ್ನೊಂದು. ಎರಡನೆಯದನ್ನು ನೀವು ‘ಇನ್ನೊಂದು ವಿಷಯ’ ಎಂದು ಕೊನೆಗೆ ಸೇರಿಸಿದ್ದೀರಿ. ನನ್ನ ಪ್ರಕಾರ ನೀವು ಸಿಪಿಸಿ ಓದಲು ಶುರು ಮಾಡಬೇಕಾದದ್ದೇ ಅಲ್ಲಿಂದ. ಅದಕ್ಕೆ ಬರುತ್ತೇನೆ. ಮೊದಲು ನಿಮಗೆ ಹೇಳಿರುವ ಮಾತುಗಳಲ್ಲಿ ಯಾವುದು ನಿಜ, ಯಾವುದು ಸುಮ್ನೆ ಹೆದರಿಕೆ ಎಂದು ನೋಡೋಣ.

ಸಿಪಿಸಿ ಬದಲಾಗಿದೆ ಎಂಬುದು ತಪ್ಪು. 2024ರ ಜುಲೈ 1ರಿಂದ ಬದಲಾದದ್ದು ಮೂರು ಕಾನೂನು: ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಅಧಿನಿಯಮ. ಸಿವಿಲ್ ಪ್ರಕ್ರಿಯಾ ಸಂಹಿತೆ ಈಗಲೂ 1908ರದೇ. ಅದು ಜಾರಿಗೆ ಬಂದದ್ದು 1909ರ ಜನವರಿ 1ರಂದು. ಆದರೆ ಮೂರನೆಯ ಬದಲಾವಣೆ ಸಿವಿಲ್ ಸೈಡಿಗೂ ತಟ್ಟುತ್ತದೆ, ಯಾಕೆಂದರೆ ಸಿವಿಲ್ ದಾವೆಯಲ್ಲೂ ಸಾಕ್ಷಿ ನಡೆಯುವುದು ಸಾಕ್ಷ್ಯ ಕಾನೂನಿನ ಪ್ರಕಾರವೇ. ಆ ತಾರೀಕಿಗೆ ಮೊದಲೇ ಬಾಕಿ ಇದ್ದ ದಾವೆಗಳಿಗೆ ಹಳೆಯ ಸಾಕ್ಷ್ಯ ಅಧಿನಿಯಮ, ಆಮೇಲೆ ಹಾಕಿದವಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ 2023. ಇನ್ನೂ ಕೆಲವು ವರ್ಷ ನೀವು ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಬೇಕು.

ಹಾಗಂತ ಸಿಪಿಸಿ ನಿಂತಲ್ಲೇ ನಿಂತಿಲ್ಲ. 1976ರಲ್ಲಿ ದೊಡ್ಡ ತಿದ್ದುಪಡಿ ಆಯಿತು. 1999 ಮತ್ತು 2002ರ ತಿದ್ದುಪಡಿಗಳು ಒಟ್ಟಿಗೆ 2002ರ ಜುಲೈ 1ರಿಂದ ಜಾರಿಗೆ ಬಂದವು. ದೊಡ್ಡ ಮೊತ್ತದ ವ್ಯಾಪಾರಿ ದಾವೆಗಳಿಗೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಬೇರೆಯೇ ಗಡುವುಗಳನ್ನು ತಂದಿತು. ಆದ್ದರಿಂದ ಯಾರದೋ ಕೈ ದಾಟಿ ಬಂದ ಹಳೆಯ ನೋಟ್ಸ್ ಕಂಡರೆ ಮೊದಲು ಡಬ್ಲ್ಯೂ.ಎಸ್. (ದಾವೆಗೆ ಪ್ರತಿವಾದಿ ಕೊಡುವ ಲಿಖಿತ ಉತ್ತರ) ಸಲ್ಲಿಸುವ ಗಡುವಿನ ಬಗ್ಗೆ ಏನು ಬರೆದಿದ್ದಾರೆ ನೋಡಿ. 30 ದಿನ, ಕಾರಣ ಬರೆದು ವಿಸ್ತರಿಸಿದರೆ 90 ದಿನ ಎಂಬುದು ಅಲ್ಲಿ ಇಲ್ಲದಿದ್ದರೆ ಆ ನೋಟ್ಸ್ 2002ಕ್ಕಿಂತ ಹಿಂದಿನದು. ಪಕ್ಕಕ್ಕಿಡಿ.

ಇನ್ನು 158 ಸೆಕ್ಷನ್ ಬಾಯಿಪಾಠ ಆಗಲೇಬೇಕು ಎಂಬ ಮಾತು. ಇಷ್ಟು ವರ್ಷದ ವಕೀಲಿಕೆಯಲ್ಲಿ ಸಿಪಿಸಿ ಪೂರ್ತಿ ಬಾಯಿಗೆ ಬರುವ ಒಬ್ಬ ವಕೀಲರನ್ನೂ ನಾನು ಕಂಡಿಲ್ಲ. ಆರ್ಡರ್ 21 ಒಂದರಲ್ಲೇ ನೂರಕ್ಕೂ ಜಾಸ್ತಿ ರೂಲ್‌ಗಳಿವೆ. ಒಳ್ಳೆಯ ಸಿವಿಲ್ ವಕೀಲರಿಗೆ ಬರುವುದು ಬೇರೆಯೇ ಒಂದು ವಿದ್ಯೆ: ಕೇಸು ಈಗ ಯಾವ ಹಂತದಲ್ಲಿದೆ, ಇಲ್ಲಿ ಯಾರು ಏನು ಮಾಡಬೇಕು, ಮಾಡದಿದ್ದರೆ ಅವರು ಏನು ಕಳೆದುಕೊಳ್ಳುತ್ತಾರೆ, ಅದನ್ನು ವಾಪಸ್ ಪಡೆಯಲು ದಾರಿ ಇದೆಯೇ. ಈ ಪ್ರಶ್ನೆಗಳನ್ನು ಹಿಡಿದು ಓದಿದರೆ ನಂಬರ್‌ಗಳು ತಾವಾಗಿ ನೆನಪಿನಲ್ಲಿ ಕೂರುತ್ತವೆ. ನಂಬರ್ ಹಿಡಿದು ಹೊರಟರೆ ಪ್ರಶ್ನೆಗಳೇ ಕಾಣುವುದಿಲ್ಲ.

ನಿಮಗೆ ಯಾಕೆ ಏನೂ ನೆನಪಿನಲ್ಲಿ ಉಳಿಯಲಿಲ್ಲ ಎಂಬುದಕ್ಕೆ ಕಾರಣ ನಿಮ್ಮ ಬುದ್ಧಿಯಲ್ಲಿ ಇಲ್ಲ, ಪುಸ್ತಕದ ಜೋಡಣೆಯಲ್ಲಿದೆ. ಸಿಪಿಸಿ ಎರಡು ಭಾಗವಾಗಿದೆ. ಪುಸ್ತಕದ ಮುಂಭಾಗದಲ್ಲಿರುವ ಸೆಕ್ಷನ್‌ಗಳು ಕೋರ್ಟಿಗೆ ಇರುವ ಅಧಿಕಾರವನ್ನು, ಮೂಲ ತತ್ವವನ್ನು ಹೇಳುತ್ತವೆ. ಹಿಂಭಾಗದಲ್ಲಿರುವ ಮೊದಲ ಷೆಡ್ಯೂಲಿನ ಆರ್ಡರ್‌ಗಳು ಆ ಅಧಿಕಾರವನ್ನು ಹೇಗೆ ನಡೆಸಬೇಕು ಎಂದು ಹೇಳುತ್ತವೆ. ತಡೆಯಾಜ್ಞೆಯ ಅಧಿಕಾರದ ಬೇರು ಸೆಕ್ಷನ್ 94ರಲ್ಲಿದೆ, ನಡೆಸುವ ವಿಧಾನ ಆರ್ಡರ್ 39ರಲ್ಲಿದೆ. ಮೊದಲ ಅಪೀಲು ಸೆಕ್ಷನ್ 96, ಅದರ ವಿಧಾನ ಆರ್ಡರ್ 41. ಪುನರ್ವಿಮರ್ಶೆ ಸೆಕ್ಷನ್ 114, ಅದರ ಜೋಡಿ ಆರ್ಡರ್ 47. ಡಿಕ್ರಿ ಜಾರಿಯ ಕಥೆ ಸೆಕ್ಷನ್ 36ರಿಂದ ಶುರುವಾಗಿ ಆರ್ಡರ್ 21ರಲ್ಲಿ ಹರಡಿಕೊಂಡಿದೆ. ಒಂದರಿಂದ ಓದುತ್ತಾ ಹೋದರೆ ದಾವೆ ಹೇಗೆ ಹಾಕುವುದು ಎಂದು ತಿಳಿಯುವ ಮೊದಲೇ ಡಿಕ್ರಿ ಜಾರಿಗೆ ಬಂದುಬಿಟ್ಟಿರುತ್ತೀರಿ. ತಲೆ ಕೆಡದೆ ಇನ್ನೇನಾದೀತು? ಜೋಡಿ ಜೋಡಿಯಾಗಿ ಓದಿ. ಸೆಕ್ಷನ್ ಪಕ್ಕದಲ್ಲಿ ಪೆನ್ಸಿಲ್‌ನಿಂದ ಆರ್ಡರ್ ನಂಬರ್, ಆರ್ಡರ್ ಪಕ್ಕದಲ್ಲಿ ಸೆಕ್ಷನ್ ನಂಬರ್ ಬರೆಯಿರಿ.

ಈ ಎರಡು ಭಾಗದ ಜೋಡಣೆಗೆ ಇನ್ನೊಂದು ಕಾರಣವೂ ಇದೆ. ಸೆಕ್ಷನ್ ಬದಲಿಸಲು ಶಾಸನ ಸಭೆಯೇ ಬೇಕು. ಆರ್ಡರ್‌ಗಳೊಳಗಿನ ರೂಲ್‌ಗಳನ್ನು ಮಾತ್ರ ಸೆಕ್ಷನ್ 122ರ ಅಡಿಯಲ್ಲಿ ಆಯಾ ಹೈಕೋರ್ಟ್ ತನ್ನ ವ್ಯಾಪ್ತಿಗೆ ತಕ್ಕಂತೆ ತಿದ್ದಬಹುದು. ಹಾಗಾಗಿ ದೆಹಲಿಯ ಯಾರೋ ಮಾಡಿದ ವಿಡಿಯೊ ನೋಡಿ ರೂಲ್ ಕಲಿತರೆ ಕರ್ನಾಟಕದ ತಿದ್ದುಪಡಿ ತಪ್ಪಿಹೋಗಬಹುದು. ಬೇರ್ ಆಕ್ಟ್ ಕೊಳ್ಳುವಾಗ ರಾಜ್ಯ ತಿದ್ದುಪಡಿಗಳನ್ನು ಕೆಳಗೆ ಮುದ್ರಿಸಿರುವ ಪ್ರತಿಯನ್ನೇ ಕೇಳಿ. ಜೊತೆಗೆ 1967ರ ಕರ್ನಾಟಕ ಸಿವಿಲ್ ರೂಲ್ಸ್ ಆಫ್ ಪ್ರಾಕ್ಟೀಸ್ ನಿಮ್ಮ ಸೀನಿಯರ್ ಆಫೀಸಿನಲ್ಲಿ ಇದ್ದೇ ಇರುತ್ತದೆ. ಅರ್ಜಿಯ ರೂಪ ಹೇಗಿರಬೇಕು, ಕಚೇರಿಯಲ್ಲಿ ಕಾಗದ ಹೇಗೆ ಓಡಾಡುತ್ತದೆ ಎಂಬುದೆಲ್ಲ ಅದರಲ್ಲಿದೆ.

ಓದುವ ರೀತಿಗೆ ಒಂದು ಮಾದರಿ ಕೊಡುತ್ತೇನೆ. ಆರ್ಡರ್ 9 ತೆಗೆಯಿರಿ. ಕೇಸು ಕರೆದ ದಿನ ಯಾರು ಬಂದರು, ಯಾರು ಬರಲಿಲ್ಲ ಎಂಬುದಷ್ಟೇ ಅದರ ವಿಷಯ. ಸಣ್ಣ ವಿಷಯ ಅನ್ನಿಸುತ್ತೆ ಅಲ್ವಾ? ಎಷ್ಟೋ ಮನೆಗಳ ಆಸ್ತಿ ಇದರಲ್ಲೇ ಹೋಗಿದೆ.

ಇಬ್ಬರೂ ಬರಲಿಲ್ಲ ಎನ್ನಿ. ರೂಲ್ 3ರಂತೆ ದಾವೆ ವಜಾ ಮಾಡಬಹುದು. ಆದರೆ ರೂಲ್ 4 ವಾದಿಗೆ ಎರಡು ದಾರಿ ಬಿಡುತ್ತದೆ: ಕಾಲಮಿತಿ ಉಳಿದಿದ್ದರೆ ಹೊಸ ದಾವೆ ಹಾಕಬಹುದು, ಇಲ್ಲವೇ ಸಕಾರಣ ತೋರಿಸಿ ಹಳೆಯದನ್ನೇ ಮತ್ತೆ ಫೈಲಿಗೆ ತರಿಸಿಕೊಳ್ಳಬಹುದು. ಈಗ ಒಂದೇ ಒಂದು ಬದಲಾವಣೆ ಮಾಡೋಣ. ವಾದಿ ಬರಲಿಲ್ಲ, ಪ್ರತಿವಾದಿ ಬಂದು ಕೂತಿದ್ದಾನೆ, ವಾದಿಯ ಕೇಳಿಕೆಯನ್ನು ಒಪ್ಪುವುದೂ ಇಲ್ಲ. ರೂಲ್ 8ರಂತೆ ದಾವೆ ವಜಾ. ಹಿಂದೆಯೇ ರೂಲ್ 9 ಹೇಳುತ್ತದೆ: ಅದೇ ವ್ಯಾಜ್ಯ ಕಾರಣದ (ದಾವೆ ಹಾಕಲು ಹಕ್ಕು ಕೊಟ್ಟ ಸಂಗತಿಗಳ) ಮೇಲೆ ಹೊಸ ದಾವೆ ಹಾಕುವ ಹಾಗಿಲ್ಲ. ಉಳಿದದ್ದು ಒಂದೇ ದಾರಿ. ಅವತ್ತು ಯಾಕೆ ಬರಲಿಲ್ಲ ಎಂಬುದಕ್ಕೆ ಸಾಕಷ್ಟು ಕಾರಣ ತೋರಿಸಿ ವಜಾ ಆದೇಶ ರದ್ದು ಮಾಡಿಸಬೇಕು. ಕಾಲಮಿತಿ ಅಧಿನಿಯಮದಂತೆ ಅದಕ್ಕೆ ಇರುವುದು 30 ದಿನ.

ವಾದಿಯ ಗೈರುಹಾಜರಿ ಎರಡು ಕಡೆಯೂ ಒಂದೇ. ಫಲ ಮಾತ್ರ ಅಜಗಜಾಂತರ. ಯಾಕೆ? ಪ್ರತಿವಾದಿ ಕೆಲಸ ಬಿಟ್ಟು, ಬಸ್ ಹತ್ತಿ, ವಕೀಲರಿಗೆ ಫೀಸು ಕೊಟ್ಟು ಕೋರ್ಟಿಗೆ ಬಂದಿದ್ದಾನೆ. ಅವನನ್ನು ಅದೇ ವಿಷಯಕ್ಕೆ ಮತ್ತೆ ಹೊಸದಾಗಿ ಎಳೆಯುವುದು ಅನ್ಯಾಯ. ಈ ‘ಯಾಕೆ’ ಹೊಳೆದ ಮೇಲೆ ರೂಲ್ 4 ಯಾವುದು, 9 ಯಾವುದು ಎಂದು ನಿಮಗೆ ಗೊಂದಲ ಆಗುವುದಿಲ್ಲ. ಪರೀಕ್ಷೆಯಲ್ಲಿ ನಂಬರ್ ಮರೆತರೂ ಉತ್ತರ ತಪ್ಪುವುದಿಲ್ಲ.

ಇನ್ನು ಪ್ರತಿವಾದಿ ಬರಲಿಲ್ಲ, ಸಮನ್ಸ್ ಸರಿಯಾಗಿ ಜಾರಿಯಾಗಿದೆ. ರೂಲ್ 6ರಂತೆ ಎಕ್ಸ್‌ಪಾರ್ಟೆ, ಅಂದರೆ ಅವನಿಲ್ಲದೆಯೇ ವಿಚಾರಣೆ. ಹಳ್ಳಿಯ ಕಕ್ಷಿದಾರರು ‘ಎಕ್ಸ್‌ಪಾರ್ಟೆ ಇಟ್ಟುಬಿಟ್ರು, ಇನ್ನು ಮುಗೀತು’ ಎಂದು ಕೈಚೆಲ್ಲಿ ಕೂರುತ್ತಾರೆ. ಮುಗಿದಿಲ್ಲ. 1955ರಲ್ಲೇ ಸುಪ್ರೀಂ ಕೋರ್ಟ್ ಸಂಗ್ರಾಮ್ ಸಿಂಗ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ. ನ್ಯಾಯಮೂರ್ತಿ ವಿವಿಯನ್ ಬೋಸ್ ಬರೆದ ತೀರ್ಪು ಅದು. ಆ ದಿನದ ವಿಚಾರಣೆ ಮಾತ್ರ ಅವನಿಲ್ಲದೆ ನಡೆಯುತ್ತದೆ. ಮುಂದಿನ ತಾರೀಕಿಗೆ ಬಂದರೆ ಅಲ್ಲಿಂದ ಮುಂದಕ್ಕೆ ಭಾಗವಹಿಸಲು ಅವನಿಗೆ ಹಕ್ಕಿದೆ. ಕಳೆದುಹೋದ ಹಂತವನ್ನೂ ವಾಪಸ್ ಬೇಕು ಎಂದರೆ ರೂಲ್ 7ರಲ್ಲಿ ಅರ್ಜಿ ಹಾಕಿ ಕಾರಣ ತೋರಿಸಬೇಕು. ಡಿಕ್ರಿಯೇ ಆಗಿಬಿಟ್ಟಿದ್ದರೆ ರೂಲ್ 13. ನೀವು ಓದುವ ಮೊದಲ ಸಿಪಿಸಿ ತೀರ್ಪು ಇದೇ ಆಗಲಿ ಎಂದು ನನ್ನ ಆಸೆ. ಪ್ರಕ್ರಿಯೆ ಇರುವುದು ನ್ಯಾಯ ಮಾಡುವುದಕ್ಕೆ, ಕಕ್ಷಿದಾರರನ್ನು ಎಡವಿ ಬೀಳಿಸುವುದಕ್ಕಲ್ಲ ಎಂದು ಅಷ್ಟು ನೇರವಾಗಿ ಹೇಳಿದ ತೀರ್ಪುಗಳು ಕಡಿಮೆ.

ಈಗ ನಿಮ್ಮ ಅಮ್ಮನ ದಾವೆ. ಫೈಲ್ ನೋಡದೆ ನಾನು ಸಲಹೆ ಕೊಡುವ ಹಾಗಿಲ್ಲ. ಆದರೆ ನಿಮ್ಮ ‘ಗೆದ್ದ ಮೇಲೂ ಯಾಕೆ’ ಎಂಬ ಪ್ರಶ್ನೆಗೆ ಉತ್ತರ ಸಿಪಿಸಿಯ ಎರಡನೇ ಸೆಕ್ಷನ್ನಿನಲ್ಲೇ ಇದೆ. ನೀವು ಅದನ್ನು ಓದಿ ದಾಟಿ ಬಂದಿದ್ದೀರಿ. 2(2)ರಲ್ಲಿ ಡಿಕ್ರಿ ಎಂದರೇನು ಎಂದು ಹೇಳಿ, ಕೆಳಗೆ ಒಂದು ವಿವರಣೆ ಕೊಟ್ಟಿದ್ದಾರೆ: ದಾವೆ ಪೂರ್ತಿ ಮುಗಿಯಲು ಇನ್ನೂ ಕೆಲಸ ಬಾಕಿ ಇದ್ದರೆ ಅದು ಪ್ರಾಥಮಿಕ ಡಿಕ್ರಿ. ಪೂರ್ತಿ ಮುಗಿದರೆ ಅಂತಿಮ ಡಿಕ್ರಿ. ಭಾಗದ ದಾವೆಯಲ್ಲಿ ಕೋರ್ಟು ಮೊದಲು ಹೇಳುವುದು ಯಾರಿಗೆ ಎಷ್ಟು ಪಾಲು ಎಂಬುದನ್ನು ಮಾತ್ರ. ನಾಲ್ಕನೇ ಒಂದು ಎಂದರೆ ಯಾವ ಕಡೆಯ ನಾಲ್ಕನೇ ಒಂದು? ಬಾವಿ ಇರುವ ಕಡೆಯದೋ, ರಸ್ತೆಗೆ ತಾಗಿದ್ದೋ, ಕಲ್ಲುಗುಡ್ಡೆಯದೋ? ಅದು ಇನ್ನೂ ತೀರ್ಮಾನ ಆಗಿರುವುದಿಲ್ಲ. ಬಹುಶಃ ನಿಮ್ಮ ಅಮ್ಮನ ಕೈಯಲ್ಲಿರುವುದು ಈ ಮೊದಲ ಡಿಕ್ರಿ.

ಮುಂದಿನ ಹಂತವನ್ನು ನಮ್ಮ ಕೋರ್ಟುಗಳಲ್ಲಿ ಎಫ್‌ಡಿಪಿ ಎನ್ನುತ್ತಾರೆ, ಅಂತಿಮ ಡಿಕ್ರಿಯ ನಡವಳಿ. ಅಲ್ಲಿ ಆಸ್ತಿ ಎರಡು ದಾರಿ ಹಿಡಿಯುತ್ತದೆ. ಕಂದಾಯ ಕಟ್ಟುವ ಜಮೀನಾದರೆ ಆರ್ಡರ್ 20 ರೂಲ್ 18 ಮತ್ತು ಸೆಕ್ಷನ್ 54ರಂತೆ ಅದನ್ನು ಅಳೆದು ಭಾಗ ಮಾಡಿಕೊಡುವುದು ಜಿಲ್ಲಾಧಿಕಾರಿ ಅಥವಾ ಅವರ ಕೈಕೆಳಗಿನ ಅಧಿಕಾರಿ. ಮನೆ, ಸೈಟು ಆದರೆ ಕೋರ್ಟು ಆರ್ಡರ್ 26ರ ಅಡಿಯಲ್ಲಿ ಕಮಿಷನರ್ ನೇಮಿಸುತ್ತದೆ. ಅವರು ಸ್ಥಳಕ್ಕೆ ಹೋಗಿ, ಅಳತೆ ಮಾಡಿ, ನಕ್ಷೆ ಹಾಕಿ ವರದಿ ಕೊಡುತ್ತಾರೆ. ವರದಿಗೆ ತಕರಾರು ಬರುತ್ತದೆ. ತಕರಾರು ಕೇಳಿ ಅಂತಿಮ ಆದೇಶ ಆಗುತ್ತದೆ. ಅದನ್ನು ಛಾಪಾ ಕಾಗದದ ಮೇಲೆ ಬರೆಸಬೇಕು. ಈ ಹಾದಿಯಲ್ಲಿ ಎಲ್ಲಿ ಬೇಕಾದರೂ ಕಾಗದ ಸಿಕ್ಕಿಹಾಕಿಕೊಳ್ಳಬಹುದು. ಕೆಲವು ಮನೆಗಳಲ್ಲಂತೂ ಪ್ರಾಥಮಿಕ ಡಿಕ್ರಿಯನ್ನೇ ಗೆಲುವು ಎಂದುಕೊಂಡು ಎಫ್‌ಡಿಪಿ ಅರ್ಜಿಯನ್ನೇ ಹಾಕಿರುವುದಿಲ್ಲ. ಇದು ಎಷ್ಟು ಸಾಮಾನ್ಯ ಎಂದರೆ, 2022ರಲ್ಲಿ ಸುಪ್ರೀಂ ಕೋರ್ಟ್ ಕಟ್ಟುಕಂಡಿ ಎಡತ್ತಿಲ್ ಕೃಷ್ಣನ್ ಪ್ರಕರಣದಲ್ಲಿ, ಪ್ರಾಥಮಿಕ ಡಿಕ್ರಿ ಆದ ಮೇಲೆ ಬೇರೆ ಅರ್ಜಿಗೆ ಕಾಯದೆ ಕೋರ್ಟೇ ಮುಂದಿನ ಹಂತಕ್ಕೆ ಕೇಸು ಕೊಂಡೊಯ್ಯಬೇಕು ಎಂದು ಹೇಳಬೇಕಾಯಿತು.

ಮಾವನ ಅಪೀಲಿನ ಬಗ್ಗೆ ಒಂದು ಮಾತು. ಅಪೀಲು ಹಾಕಿದ ಮಾತ್ರಕ್ಕೆ ಕೆಳಗಿನ ಕೋರ್ಟಿನ ಕೆಲಸ ನಿಲ್ಲುವುದಿಲ್ಲ. ಆರ್ಡರ್ 41 ರೂಲ್ 5 ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ನಿಲ್ಲಬೇಕಾದರೆ ತಡೆಯಾಜ್ಞೆ ಬೇಕು. ನಿಮ್ಮ ಕೇಸಿನಲ್ಲಿ ತಡೆ ಇದೆಯೋ, ಬರೀ ಅಪೀಲು ಬಾಕಿ ಇದೆಯೋ? ಎರಡೂ ಒಂದೇ ಎಂದುಕೊಂಡು ವರ್ಷಗಟ್ಟಲೆ ಸುಮ್ಮನೆ ಕೂತ ಕುಟುಂಬಗಳನ್ನು ನಾನು ನೋಡಿದ್ದೇನೆ. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಅಪೀಲಿನ ನಂಬರ್ ಅಥವಾ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆ) ಹಾಕಿದರೆ ಪ್ರತಿ ತಾರೀಕಿಗೆ ಏನಾಯಿತು ಎಂದು ಕಾಣುತ್ತದೆ. ಆಮೇಲೆ ಅಮ್ಮನ ವಕೀಲರನ್ನು ಕೇಳಿ, ಆರ್ಡರ್ ಶೀಟಿನ (ಪ್ರತಿ ತಾರೀಕಿನ ಆದೇಶ ಬರೆದಿಡುವ ಹಾಳೆಗಳ) ದೃಢೀಕೃತ ನಕಲು ಪಡೆಯಿರಿ.

ಅಂತಿಮ ಡಿಕ್ರಿ ಆದ ಮೇಲೂ ಗಡಿಯಾರ ಓಡುತ್ತಿರುತ್ತದೆ. ಸ್ವಾಧೀನಕ್ಕಾಗಿ ಜಾರಿ ಅರ್ಜಿ ಹಾಕಲು 12 ವರ್ಷ. ಛಾಪಾ ಕಾಗದ ಕೊಡುವುದು ತಡವಾಯಿತು, ಆದ್ದರಿಂದ ಅಲ್ಲಿಂದ ಎಣಿಸಿ ಎನ್ನುವ ವಾದವನ್ನು ಸುಪ್ರೀಂ ಕೋರ್ಟ್ 2005ರ ಚಿರಂಜಿ ಲಾಲ್ ಪ್ರಕರಣದಲ್ಲಿ ಒಪ್ಪಲಿಲ್ಲ. ಎಣಿಕೆ ಡಿಕ್ರಿಯ ತಾರೀಕಿನಿಂದಲೇ. ಡಿಕ್ರಿ ಸಿಕ್ಕ ಮೇಲೇ ಭಾರತದ ಕಕ್ಷಿದಾರನ ಕಷ್ಟ ಶುರುವಾಗುತ್ತದೆ ಎಂಬ ಅರ್ಥದ ಮಾತನ್ನು ಬ್ರಿಟಿಷರ ಕಾಲದ ಅತ್ಯುನ್ನತ ಅಪೀಲು ಕೋರ್ಟಾಗಿದ್ದ ಪ್ರಿವಿ ಕೌನ್ಸಿಲ್ 1872ರಲ್ಲೇ ಬರೆದಿತ್ತು. ನಿಮ್ಮ ಮನೆಯಲ್ಲಿ ಆಗುತ್ತಿರುವುದು ಅದೇ. ಇದಕ್ಕೆ ನನಗೆ ಸಿಟ್ಟೂ ಇದೆ, ಬೇಸರವೂ ಇದೆ. ಆದರೆ ದಾರಿ ಗೊತ್ತಿರುವ ಒಬ್ಬರು ಮನೆಯಲ್ಲಿದ್ದರೆ ಆಗುವ ವ್ಯತ್ಯಾಸವನ್ನೂ ನಾನು ನೋಡಿದ್ದೇನೆ.

ಹಾಗಾಗಿ ನೀವು ಮೊದಲು ಓದಬೇಕಾದ ಪಠ್ಯ ಅಮ್ಮನ ದಾವೆಯ ಆರ್ಡರ್ ಶೀಟು. ಅಮ್ಮನ ಒಪ್ಪಿಗೆ ಪಡೆದು, ಮೊದಲ ಪುಟದಿಂದ ಕೂತು ಓದಿ. ‘ಪ್ರತಿವಾದಿ 2ಕ್ಕೆ ಸಮನ್ಸ್ ಜಾರಿಯಾಗಿಲ್ಲ, ಮತ್ತೆ ಹೊರಡಿಸಿ’ ಎಂದಿದ್ದರೆ ಆರ್ಡರ್ 5 ತೆಗೆಯಿರಿ. ‘ಐ.ಎ. 1ಕ್ಕೆ ತಕರಾರು’ ಎಂದಿದ್ದರೆ ಆ ಐ.ಎ. (ದಾವೆಯ ನಡುವೆ ಹಾಕುವ ಅರ್ಜಿ) ಯಾವ ರೂಲಿನಲ್ಲಿ ಹಾಕಿದ್ದು ನೋಡಿ. ಭಾಗದ ದಾವೆಯಲ್ಲಿ ಅದು ಆಸ್ತಿ ಪರಭಾರೆ ಮಾಡದಂತೆ ಆರ್ಡರ್ 39ರಲ್ಲಿ ಹಾಕಿದ ಅರ್ಜಿ ಆಗಿರುವುದೇ ಜಾಸ್ತಿ. ‘ಇಶ್ಯೂಸ್ ರಚಿಸಲಾಗಿದೆ’ ಎಂದಿದ್ದರೆ, ಅಂದರೆ ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಗಳನ್ನು ಬರೆದಿದ್ದರೆ, ಆರ್ಡರ್ 14. ‘ಪಿ.ಡಬ್ಲ್ಯೂ. 1 ಹಾಜರು, ಪಾಟೀ ಸವಾಲಿಗೆ ಸಮಯ ಕೋರಿದ್ದಾರೆ’ ಎಂದಿದ್ದರೆ (ಪಿ.ಡಬ್ಲ್ಯೂ. 1 ಎಂದರೆ ವಾದಿಯ ಕಡೆಯ ಮೊದಲ ಸಾಕ್ಷಿ) ಆರ್ಡರ್ 18 ಮತ್ತು 17. ವಾಯಿದೆ ಮೂರು ಸಲಕ್ಕಿಂತ ಜಾಸ್ತಿ ಕೊಡುವ ಹಾಗಿಲ್ಲ ಎಂದು ಆರ್ಡರ್ 17 ಹೇಳುತ್ತದೆ. ಶೀಟಿನಲ್ಲಿ ಎಷ್ಟು ಸಲ ಕೊಟ್ಟಿದ್ದಾರೆ, ಏನು ಕಾರಣ ಬರೆದಿದ್ದಾರೆ ಎಂದು ಗುರುತು ಹಾಕಿ. ಪುಸ್ತಕದ ರೂಲಿಗೂ ಕೋರ್ಟ್ ಹಾಲಿಗೂ ಇರುವ ದೂರ ನಿಮಗೆ ಅಲ್ಲೇ ಕಾಣುತ್ತದೆ.

ಆ ಫೈಲ್ ಮುಗಿದ ಮೇಲೆ ಹಣದ ದಾವೆಯೊಂದನ್ನು, ತಡೆಯಾಜ್ಞೆಯ ದಾವೆಯೊಂದನ್ನು ಸೀನಿಯರ್ ಹತ್ತಿರ ಕೇಳಿ. ತೀರ್ಮಾನ ಆಗಿಹೋದ ಫೈಲ್‌ಗಳಾದರೆ ಒಳ್ಳೆಯದು, ಆರಂಭದಿಂದ ಕೊನೆವರೆಗೆ ಸಿಗುತ್ತದೆ. ಪ್ಲೇಂಟ್ (ವಾದಿಯ ದಾವೆ ಪತ್ರ) ಓದಿ, ಡಬ್ಲ್ಯೂ.ಎಸ್. ಓದಿ, ಇಶ್ಯೂ ನೋಡದೆ ನೀವೇ ಇಶ್ಯೂ ಬರೆಯಿರಿ. ಆಮೇಲೆ ನ್ಯಾಯಾಧೀಶರು ಬರೆದದ್ದರ ಜೊತೆ ಹೋಲಿಸಿ. ಒಬ್ಬರು ಹೌದು ಎಂದು, ಇನ್ನೊಬ್ಬರು ಇಲ್ಲ ಎಂದ ಮುಖ್ಯ ಸಂಗತಿ ಯಾವುದು ಎಂದು ಹುಡುಕುವುದೇ ಇಶ್ಯೂ ರಚನೆ. ಇದೊಂದು ಅಭ್ಯಾಸ ಸಿಪಿಸಿಯ ಅರ್ಧ ಕಲಿಸುತ್ತದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಮುಂದೆ ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆಯುವ ಮನಸ್ಸಿದ್ದರೆ ಅಲ್ಲೂ ಇಶ್ಯೂ ರಚಿಸಿ ತೀರ್ಪು ಬರೆಯಲು ಕೇಳುತ್ತಾರೆ.

‘ಮಾಡತಕ್ಕದ್ದು’ ಎಂದಿರುವ ಕಡೆಯೆಲ್ಲ ಗಡುವು ಕಲ್ಲಿನ ಮೇಲಿನ ಗೆರೆ ಎಂದು ಬರೆದು ಅಂಕ ಕಳೆದುಕೊಳ್ಳುವವರು ತುಂಬ. ಡಬ್ಲ್ಯೂ.ಎಸ್.ನ 90 ದಿನವನ್ನೇ ನೋಡಿ. ಸಾಮಾನ್ಯ ದಾವೆಯಲ್ಲಿ ಅದನ್ನು ಅಪರೂಪಕ್ಕೆ, ಗಟ್ಟಿ ಕಾರಣವಿದ್ದರೆ ಮೀರಬಹುದು ಎಂದು 2005ರ ಕೈಲಾಶ್ ಪ್ರಕರಣ ಹೇಳಿತು. ವಾಣಿಜ್ಯ ದಾವೆಯಲ್ಲಿ 120 ದಿನ ದಾಟಿದರೆ ಹಕ್ಕೇ ಹೋಯಿತು ಎಂದು 2019ರ ಎಸ್‌ಸಿಜಿ ಕಾಂಟ್ರ್ಯಾಕ್ಟ್ಸ್ ಪ್ರಕರಣ ಹೇಳಿತು. ಅಲ್ಲಿ ಕಾನೂನಿನಲ್ಲೇ ಗಡುವು ತಪ್ಪಿದರೆ ಏನಾಗುತ್ತದೆ ಎಂದು ಬರೆದಿದೆ. ಮತ್ತೆ ಅದೇ ಪ್ರಶ್ನೆ: ಮಾಡದಿದ್ದರೆ ಏನು ಎಂದು ಕಾನೂನು ಹೇಳಿದೆಯೇ?

ಸೆಕ್ಷನ್ 151ರ ಬಗ್ಗೆಯೂ ಎಚ್ಚರ. ‘ಏನೂ ತೋಚದಿದ್ದರೆ 151 ಹಾಕು’ ಎಂಬ ಮಾತು ಕೋರ್ಟ್ ಕಾರಿಡಾರಿನಲ್ಲಿ ಕೇಳಿಸುತ್ತದೆ. ಕೋರ್ಟಿಗೆ ಅಂತರ್ಗತ ಅಧಿಕಾರ ಇದೆ, ನಿಜ. ಸಂಹಿತೆಯಲ್ಲಿ ನೇರ ರೂಲ್ ಇರುವ ಕಡೆ ಅದನ್ನು ಬಳಸಿ ಹೊರಗಿನಿಂದ ಒಳದಾರಿ ಹುಡುಕುವಂತಿಲ್ಲ.

ತೀರ್ಪುಗಳ ವಿಷಯಕ್ಕೆ ಬಂದರೆ, ಮೊದಲ ವರ್ಷಕ್ಕೆ ಹತ್ತಾರು ಬೇಡ. ಸಂಗ್ರಾಮ್ ಸಿಂಗ್ ಪ್ರಕರಣದ ಬಗ್ಗೆ ಆಗಲೇ ಹೇಳಿದ್ದೇನೆ. ಆರ್ಡರ್ 7 ರೂಲ್ 11, ಅಂದರೆ ಪ್ಲೇಂಟನ್ನೇ ತಿರಸ್ಕರಿಸುವ ರೂಲಿಗೆ, ಟಿ. ಅರಿವಂದಂದಂ ಪ್ರಕರಣ ಓದಿ. 1977ರದು, ಬೆಂಗಳೂರಿನ ಮುನ್ಸಿಫ್ ಕೋರ್ಟಿನ ದಾವೆಯಿಂದ ಹೊರಟದ್ದು. ತೆರವಿನ ಆದೇಶದಲ್ಲಿ ಸೋತವರು ಮತ್ತೆ ಹೊಸ ದಾವೆ ಹಾಕಿ ಎಳೆಯುತ್ತಿದ್ದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಜಾಣತನದ ಬರವಣಿಗೆಯಿಂದ ವ್ಯಾಜ್ಯ ಕಾರಣದ ಭ್ರಮೆ ಹುಟ್ಟಿಸಿದ ಪ್ಲೇಂಟನ್ನು ಮೊಳಕೆಯಲ್ಲೇ ಚಿವುಟಬೇಕು ಎಂದರು. ಅವರ ಇಂಗ್ಲಿಷ್ ಕಷ್ಟ. ತೀರ್ಪು ಚಿಕ್ಕದು, ಡಿಕ್ಷನರಿ ಇಟ್ಟುಕೊಂಡು ಓದಿದರೂ ನಷ್ಟವಿಲ್ಲ. ತಾತ್ಕಾಲಿಕ ತಡೆಯಾಜ್ಞೆಗೆ 1992ರ ದಲ್‌ಪತ್ ಕುಮಾರ್ ಸಾಕು.

ಇಂಗ್ಲಿಷ್ ಬಗ್ಗೆ ನಿಮ್ಮ ಹೆದರಿಕೆಯನ್ನು ಹಗುರವಾಗಿ ತಳ್ಳಿಹಾಕಲಾರೆ. ಬೇರ್ ಆಕ್ಟ್, ತೀರ್ಪು, ಹೈಕೋರ್ಟಿನ ಕೆಲಸ ಎಲ್ಲವೂ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇವೆ. ಆದರೆ ತಾಲ್ಲೂಕು ಕೋರ್ಟಿನಲ್ಲಿ ಪ್ಲೇಂಟ್ ಕನ್ನಡದಲ್ಲಿ ಬರೆಯಬಹುದು, ಸಾಕ್ಷಿ ಮಾತಾಡುವುದು ಕನ್ನಡದಲ್ಲಿ, ಕ್ರಯಪತ್ರ, ಪಹಣಿ, ಪಂಚಾಯ್ತಿ ಪಾರೀಕತ್ತು (ಭಾಗಪತ್ರ) ಎಲ್ಲವೂ ಕನ್ನಡದಲ್ಲಿ. ಹಳೆಯ ಪತ್ರದ ಚೆಕ್ಕುಬಂದಿ ಓದಿ ಅರ್ಥ ಮಾಡಿಕೊಳ್ಳಲು ಬಾರದ, ಇಂಗ್ಲಿಷ್ ಚೆನ್ನಾಗಿರುವ ಜೂನಿಯರ್‌ಗಳು ಕಷ್ಟಪಡುವುದನ್ನು ನಾನು ದಿನಾ ನೋಡುತ್ತೇನೆ. ನಿಮಗೆ ಅದು ಬರುತ್ತದೆ. ಉಳಿದದ್ದಕ್ಕೆ ಒಂದು ಉಪಾಯ. ಸಂಹಿತೆಯ ಉದ್ದ ವಾಕ್ಯವನ್ನು ತುಂಡು ಮಾಡಿ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆಯಿರಿ: ಯಾರು, ಯಾವಾಗ, ಏನು ಮಾಡಬೇಕು, ಯಾವ ಷರತ್ತಿಗೆ ಒಳಪಟ್ಟು, ಯಾವ ವಿನಾಯಿತಿ. ‘ಪ್ರೊವೈಡೆಡ್’ ಎಂದು ಶುರುವಾಗುವ ತುಂಡನ್ನು ಬೇರೆ ಬಣ್ಣದಲ್ಲಿ ಬರೆಯಿರಿ, ಪರೀಕ್ಷೆಯ ಪ್ರಶ್ನೆ ಮತ್ತು ಕೋರ್ಟಿನ ಜಗಳ ಎರಡೂ ಅಲ್ಲೇ ಹುಟ್ಟುವುದು. ಡಿಕ್ರಿ, ಐ.ಎ., ಎಕ್ಸ್‌ಪಾರ್ಟೆ, ಕೇವಿಯಟ್ ಇಂಥವನ್ನು ಅನುವಾದ ಮಾಡಲು ಹೋಗಬೇಡಿ, ಹಾಗೇ ಬಳಸಿ.

ಇನ್ನು ದಾರಿಗಳು. ಬರೀ ಗೈಡ್ ಓದಿ ಪಾಸಾಗುವುದು ಒಂದು. ಪಾಸಂತೂ ಆಗುತ್ತೀರಿ. ಅಪಾಯ ಏನೆಂದರೆ, ಗೈಡಿನಲ್ಲಿ ಉತ್ತರ ಇರುತ್ತದೆ, ಕಕ್ಷಿದಾರ ತರುವ ಪ್ರಶ್ನೆ ಅಲ್ಲಿರುವುದಿಲ್ಲ. ಪರೀಕ್ಷೆಗೆ ಹದಿನೈದು ದಿನ ಮುಂಚೆ ಪುನರಾವರ್ತನೆಗೆ ಬಳಸಿ, ಕಲಿಯಲು ಬೇಡ. ಇನ್ನೊಂದು, ಬೇರ್ ಆಕ್ಟ್ ಜೊತೆ ಒಂದೇ ಒಂದು ಪಠ್ಯಪುಸ್ತಕ. ನಿಧಾನ, ಆದರೆ ನಿಲ್ಲುತ್ತದೆ. ಮೂರು ಪುಸ್ತಕ ಕೊಂಡು ಮೂರರದೂ ಮೊದಲ ಅಧ್ಯಾಯ ಮಾತ್ರ ಓದುವುದು ನಮ್ಮಲ್ಲಿ ಸಾಮಾನ್ಯ ಕಾಯಿಲೆ. ಫೋನಿನಲ್ಲಿ ಸಿಗುವ ನೋಟ್ಸ್, ಎಐ ಕೊಡುವ ಉತ್ತರಗಳನ್ನು ಅರ್ಥ ಮಾಡಿಕೊಳ್ಳಲು ನೋಡಿದರೆ ತಪ್ಪಿಲ್ಲ. ಅಲ್ಲಿ ಕೊಟ್ಟ ಸೆಕ್ಷನ್ನನ್ನು ಬೇರ್ ಆಕ್ಟಿನಲ್ಲೂ, ತೀರ್ಪನ್ನು ಕೋರ್ಟಿನ ಅಧಿಕೃತ ವೆಬ್‌ಸೈಟಿನಲ್ಲೂ ಕಣ್ಣಾರೆ ನೋಡದೆ ಎಲ್ಲೂ ಬರೆಯಬೇಡಿ. ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿ ಪೇಚಿಗೆ ಸಿಕ್ಕ ಪ್ರಸಂಗಗಳು ನಮ್ಮ ಕೋರ್ಟುಗಳಲ್ಲೂ ಆಗಿವೆ.

ಮತ್ತೊಂದು, ಈಗಲೂ ಸಿಪಿಸಿ ಮುಟ್ಟದೆ ಸುಮ್ಮನಿರುವುದು. ಇದೂ ತಪ್ಪಲ್ಲ. ಮೊದಲ ವರ್ಷದ ಒಪ್ಪಂದ ಕಾನೂನು, ಕೌಟುಂಬಿಕ ಕಾನೂನು ಸರಿಯಾಗಿ ಓದದೆ ಸಿಪಿಸಿ ಓದಿದರೆ ಪೂರ್ತಿ ಅರ್ಥವಾಗುವುದಿಲ್ಲ. ಅಮ್ಮನಿಗೆ ಪಾಲು ಯಾಕೆ ಬರುತ್ತದೆ ಎಂಬುದು ಉತ್ತರಾಧಿಕಾರ ಕಾನೂನು. ಅದನ್ನು ಪಡೆಯುವುದು ಹೇಗೆ ಎಂಬುದು ಸಿಪಿಸಿ. ಮೊದಲನೆಯದು ಬದಲಾದರೆ ಎರಡನೆಯದೂ ಅಲುಗುತ್ತದೆ. ಹೆಣ್ಣುಮಕ್ಕಳ ಸಮಾನ ಹಕ್ಕಿನ ಬಗ್ಗೆ 2020ರ ವಿನೀತಾ ಶರ್ಮಾ ತೀರ್ಪು ಬಂದಾಗ, ಪ್ರಾಥಮಿಕ ಡಿಕ್ರಿ ಆಗಿ ಅಂತಿಮ ಡಿಕ್ರಿ ಆಗದ ದಾವೆಗಳಲ್ಲಿ ಪಾಲುಗಳೇ ಬದಲಾಗುವ ಸಾಧ್ಯತೆ ತೆರೆಯಿತು. ಅಮ್ಮನ ವಕೀಲರ ಬಳಿ ಇದನ್ನೂ ಕೇಳಿ. ಹಾಗಾಗಿ ಈ ವರ್ಷ ಸಿಪಿಸಿಗೆ ವಾರದಲ್ಲಿ ಒಂದೆರಡು ಸಂಜೆ ಸಾಕು. ಉಳಿದ ಹೊತ್ತು ನಿಮ್ಮ ಸೆಮಿಸ್ಟರ್ ವಿಷಯಗಳಿಗೆ.

ಕೊನೆಯದಾಗಿ ಆಫೀಸು. ಹೋಗುವುದನ್ನು ಬಿಡಬೇಡಿ, ಆದರೆ ಅದಕ್ಕಾಗಿ ಕಾಲೇಜು ತಪ್ಪಿಸಬೇಡಿ. ಬಾರ್ ಕೌನ್ಸಿಲ್‌ನ 2008ರ ನಿಯಮಗಳಲ್ಲಿ ಶೇ 70 ಹಾಜರಾತಿ ಕೇಳಿದ್ದಾರೆ. ಅದು ಕಡಿಮೆಯಾಗಿ ಪರೀಕ್ಷೆಗೆ ಕೂರಲಾಗದೆ ಒದ್ದಾಡಿದವರಿದ್ದಾರೆ. ನೀವಿನ್ನೂ ವಕೀಲರಲ್ಲ. ವಕಾಲತ್ತಿಗೆ ಸಹಿ ಹಾಕುವ, ಕೋರ್ಟಿನಲ್ಲಿ ಎದ್ದು ನಿಂತು ‘ಸೀನಿಯರ್ ಬರ್ತಾರೆ, ಸಮಯ ಕೊಡಿ’ ಎಂದು ಕೇಳುವ ಕೆಲಸ ಯಾರೇ ಹೇಳಿದರೂ ಮಾಡಬೇಡಿ. ಕಕ್ಷಿದಾರರ ಕಾಗದದ ಫೋಟೊ ತೆಗೆದು ಗೆಳೆಯರ ಗ್ರೂಪಿಗೆ ಹಾಕಬೇಡಿ. ಆಫೀಸಿನಲ್ಲಿ ಬರೀ ಜೆರಾಕ್ಸ್ ಮಾಡಿಸಲು, ಟೀ ತರಲು ಕಳಿಸುತ್ತಿದ್ದರೆ ಕೆಲವು ತಿಂಗಳಾದ ಮೇಲೆ ಸೀನಿಯರ್ ಹತ್ತಿರ ಮರ್ಯಾದೆಯಿಂದಲೇ ಬಾಯಿ ಬಿಟ್ಟು ಕೇಳಿ: ‘ಸಾರ್, ಈ ವಾರ ಹಾಕೋ ಒಂದು ಪ್ಲೇಂಟನ್ನ ನಾನೂ ಬರೆದು ನೋಡಲಾ? ತಪ್ಪು ಗುರುತು ಹಾಕಿಕೊಡಿ.’ ಬರೆಯುವಾಗ ಆರ್ಡರ್ 7 ರೂಲ್ 1 ತೆರೆದಿಟ್ಟುಕೊಳ್ಳಿ. ಆಸ್ತಿಯ ಷೆಡ್ಯೂಲಿನಲ್ಲಿ ಸರ್ವೆ ನಂಬರ್, ವಿಸ್ತೀರ್ಣ, ನಾಲ್ಕು ದಿಕ್ಕಿನ ಚೆಕ್ಕುಬಂದಿಯನ್ನು ಪತ್ರದ ಜೊತೆ ಒಂದೊಂದಾಗಿ ತಾಳೆ ನೋಡಿ. ವ್ಯಾಜ್ಯ ಕಾರಣ ಯಾವ ತಾರೀಕಿಗೆ ಹುಟ್ಟಿತು ಎಂಬ ಪ್ಯಾರಾವನ್ನು ಕೊನೆಗೆ ಬರೆಯಿರಿ, ಬರೆದ ಮೇಲೆ ಕಾಲಮಿತಿ ಅಧಿನಿಯಮದ ಪಟ್ಟಿ ತೆಗೆದು ಆ ತಾರೀಕಿನಿಂದ ಎಣಿಸಿ. ಸೀನಿಯರ್ ಕೆಂಪು ಶಾಯಿಯಲ್ಲಿ ತಿದ್ದಿದ ಆ ಹಾಳೆಗಳನ್ನು ಎಸೆಯದೆ ಒಂದು ಫೈಲಿನಲ್ಲಿ ಹಾಕಿಡಿ. ಸಿಪಿಸಿ ಪಾಠ ಕ್ಲಾಸಿನಲ್ಲಿ ಶುರುವಾದ ದಿನ ಅದನ್ನು ಜೊತೆಗೆ ತೆಗೆದುಕೊಂಡು ಹೋಗಿ.